ನೀರಿಗೆ ದಾರಿ, ಬೇರಿಗೆ ಗಾಳಿ: ಮಲೆನಾಡಿನ ಕೈತೋಟದ ಒಂದು ವರ್ಷ

ಆಷಾಢದ ಒಂದು ಬೆಳಗ್ಗೆ. ವಾರದಿಂದ ಬಿಡದೆ ಸುರಿದ ಮಳೆ ತುಸು ಹೊಳವಾಗಿದೆ. ಹಿತ್ತಿಲಿಗೆ ಹೋಗಿ ನೋಡಿದರೆ ಬದನೆ ಗಿಡದ ಎಲೆಗಳೆಲ್ಲ ಜೋತುಬಿದ್ದಿವೆ. ಬೇಸಿಗೆಯಲ್ಲಿ ನೀರು ಹಾಕಲು ಮರೆತಾಗ ಹೇಗೆ ಬಾಡುತ್ತವೆಯೋ ಹಾಗೆಯೇ. ಆದರೆ ಬುಡದಲ್ಲಿ ಪಾದ ಮುಳುಗುವಷ್ಟು ನೀರು ನಿಂತಿದೆ. ಮಲೆನಾಡಿನಲ್ಲಿ ತರಕಾರಿ ಬೆಳೆಯಲು ಹೊರಟವರೆಲ್ಲ ಒಮ್ಮೆಯಾದರೂ ಕಂಡಿರುವ ನೋಟ ಇದು. ನೀರಿನಲ್ಲೇ ನಿಂತ ಗಿಡ ಬಾಯಾರಿ ಬಾಡುವುದೇಕೆ ಎಂಬುದು ತಿಳಿದರೆ, ಇಲ್ಲಿಯ ಕೈತೋಟದ ಅರ್ಧ ವಿದ್ಯೆ ಕೈಗೆ ಬಂದ ಹಾಗೆ.

ಬೇರೂ ಉಸಿರಾಡುತ್ತದೆ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಇರುವ ಗಾಳಿಯಿಂದ ಅದು ಆಮ್ಲಜನಕ ಪಡೆಯುತ್ತದೆ. ಆ ಸಂದುಗಳಲ್ಲಿ ನೀರು ತುಂಬಿಕೊಂಡರೆ ಗಾಳಿಗೆ ಜಾಗವಿಲ್ಲ. ಗಾಳಿಯಲ್ಲಿ ಹರಡುವುದಕ್ಕೆ ಹೋಲಿಸಿದರೆ ನೀರಿನಲ್ಲಿ ಆಮ್ಲಜನಕ ಹರಡುವ ವೇಗ ಸುಮಾರು 10,000 ಪಟ್ಟು ಕಡಿಮೆ. ಉಸಿರು ಕಟ್ಟಿದ ಬೇರಿಗೆ ನೀರನ್ನು ಮೇಲಕ್ಕೆ ಕಳಿಸುವ ಶಕ್ತಿ ಉಳಿಯುವುದಿಲ್ಲ. ಹಾಗಾಗಿ ಬುಡದಲ್ಲಿ ಕೆರೆಯೇ ಇದ್ದರೂ ತುದಿಯ ಎಲೆಗೆ ಹನಿ ನೀರಿಲ್ಲ.

ಬಯಲುಸೀಮೆಯ ಕೈತೋಟದಲ್ಲಿ ನೀರು ತರುವುದೇ ದೊಡ್ಡ ಕೆಲಸ. ಮಲೆನಾಡಿನಲ್ಲಿ ವರ್ಷದ ನಾಲ್ಕು ತಿಂಗಳು ಅದನ್ನು ಹೊರಗೆ ಕಳಿಸುವುದೇ ಕೆಲಸ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಬೆಂಗಳೂರಿನಲ್ಲಿ 1,000ದ ಆಸುಪಾಸು. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ಜುಲೈಯಲ್ಲಿ ಒಂದೇ ದಿನ 100 ಮಿಲಿಮೀಟರ್ ಸುರಿದರೆ, ನಿಮ್ಮ ಹತ್ತು ಚದರ ಮೀಟರಿನ ತರಕಾರಿ ಮಡಿಯ ಮೇಲೆ ಸಾವಿರ ಲೀಟರ್ ಬಿದ್ದಿರುತ್ತದೆ. ಅದು ಎಲ್ಲಿಗೆ ಹೋಗಬೇಕು ಎಂದು ಮಳೆ ಬರುವ ಮೊದಲೇ ನಾವು ತೀರ್ಮಾನಿಸಿರಬೇಕು.

ಹುಳಿ ಮಣ್ಣಿನ ಗುಣ

ಮಳೆ ಹೊತ್ತೊಯ್ಯುವುದು ಬರಿಯ ಮಣ್ಣನ್ನಲ್ಲ. ಮಣ್ಣಿನಲ್ಲಿ ಕರಗಿರುವ ಸುಣ್ಣದಂಶ, ಮೆಗ್ನೀಸಿಯಂ, ಪೊಟ್ಯಾಷ್‌ಗಳೂ ಬಸಿದು ಹೋಗುತ್ತವೆ. ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿಯುತ್ತವೆ. ಮಲೆನಾಡಿನ ಮಣ್ಣು ಕೆಂಪಾಗಿರುವುದು ಆ ಕಬ್ಬಿಣದಿಂದ, ಹುಳಿಯಾಗಿರುವುದು ಸುಣ್ಣದಂಶ ತೊಳೆದುಹೋದದ್ದರಿಂದ. ಹುಳಿ ಮಣ್ಣಿನಲ್ಲಿ ರಂಜಕವು ಕಬ್ಬಿಣ, ಅಲ್ಯೂಮಿನಿಯಂಗಳ ಜತೆ ಕಟ್ಟಿಬೀಳುತ್ತದೆ. ಗೊಬ್ಬರ ಹಾಕಿದರೂ ಗಿಡ ಏಳುತ್ತಿಲ್ಲ ಎಂದರೆ ಗೊಬ್ಬರ ಅಲ್ಲೇ ಇದ್ದು ಗಿಡದ ಬಾಯಿಗೆ ಸಿಗುತ್ತಿಲ್ಲ ಎಂದರ್ಥ.

ಇದಕ್ಕೆ ಮದ್ದು ಕೃಷಿ ಸುಣ್ಣ. ಮೇ ತಿಂಗಳ ಒಂದೆರಡು ಮಳೆಗೆ ನೆಲ ಹಸಿಯಾದ ಮೇಲೆ ಚದರ ಮೀಟರಿಗೆ 100ರಿಂದ 200 ಗ್ರಾಂನಷ್ಟು ಸುಣ್ಣವನ್ನು ಹರಡಿ, ಗುದ್ದಲಿಯಲ್ಲಿ ಮಣ್ಣಿಗೆ ಬೆರೆಸಿ. ಮಣ್ಣು ಪರೀಕ್ಷೆ ಮಾಡಿಸಿದ್ದರೆ ಅದರ ಲೆಕ್ಕವೇ ಸರಿ. ಸುಣ್ಣ ಹಾಕಿದ ಎರಡು ಮೂರು ವಾರಗಳ ನಂತರ ಕೊಟ್ಟಿಗೆ ಗೊಬ್ಬರ ಕೊಡಿ. ಎರಡನ್ನೂ ಒಟ್ಟಿಗೆ ಬೆರೆಸಿದರೆ ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಒಲೆಯ ಬೂದಿಗೂ ಇದೇ ಮಾತು ಸಲ್ಲುತ್ತದೆ. ಬೂದಿಯಲ್ಲಿ ಪೊಟ್ಯಾಷ್ ಇದೆ, ಸುಣ್ಣದ ಗುಣವೂ ಇದೆ. ಆದರೆ ಬಚ್ಚಲ ಒಲೆಯ ಬೂದಿಯನ್ನು ತೆರೆದ ಗುಂಡಿಗೆ ಸುರಿದರೆ ಮೊದಲ ಮಳೆಗೇ ಅದರ ಸತ್ವ ಕರಗಿ ಹರಿದುಹೋಗುತ್ತದೆ. ಬೇಸಿಗೆಯ ಬೂದಿಯನ್ನು ಹಳೆಯ ಡಬ್ಬದಲ್ಲಿ ತುಂಬಿ ಸೂರಿನ ಕೆಳಗಿಟ್ಟರೆ ಮಳೆಗಾಲಕ್ಕೆ ಒದಗುತ್ತದೆ.

ನಮ್ಮ ಕಡೆಯ ಹಿರಿಯರ ಸುಡುಮಣ್ಣಿನ ಪದ್ಧತಿಯ ಹಿಂದೆಯೂ ಈ ತಿಳಿವಳಿಕೆಯಿದೆ. ಒಣ ದರಗು, ಕಡ್ಡಿ, ಮೇಲ್ಮಣ್ಣನ್ನು ಪದರ ಪದರವಾಗಿ ಪೇರಿಸಿ ನಿಧಾನವಾಗಿ ಸುಟ್ಟ ಮಣ್ಣಿನಲ್ಲಿ ಕಳೆಬೀಜ ಮತ್ತು ರೋಗಾಣುಗಳು ಸಾಯುತ್ತವೆ, ಬೂದಿ ಸೇರಿ ಹುಳಿ ತಗ್ಗುತ್ತದೆ, ಮಣ್ಣು ಹಗುರಾಗಿ ನೀರು ಬೇಗ ಬಸಿಯುತ್ತದೆ. ಆದರೆ ಸುಟ್ಟಾಗ ಸಾವಯವ ಅಂಶವೂ ಹೋಗುತ್ತದೆ. ಆದ್ದರಿಂದ ಇಡೀ ಮಡಿಗೆ ಬೇಡ. ಸಸಿ ಮಾಡುವ ಜಾಗಕ್ಕೆ, ಬಳ್ಳಿ ಊರುವ ಗುಳಿಗೆ ನಾಲ್ಕು ಬೊಗಸೆ ಸಾಕು.

ಭರಣಿಯಿಂದ ರೋಹಿಣಿಗೆ: ಮಡಿ ಕಟ್ಟುವ ಕಾಲ

ಮಲೆನಾಡಿನವರು ಮಳೆಯನ್ನು ನಕ್ಷತ್ರದ ಹೆಸರಿನಿಂದ ಎಣಿಸುತ್ತಾರೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ 13-14 ದಿನ ಇರುವುದರಿಂದ ಈ ಲೆಕ್ಕ ಕೈತೋಟಕ್ಕೆ ಹೇಳಿ ಮಾಡಿಸಿದಂತಿದೆ. ಭರಣಿ ಏಪ್ರಿಲ್ ಕೊನೆಯಲ್ಲಿ ಹುಟ್ಟುತ್ತದೆ, ಕೃತ್ತಿಕೆ ಮೇ ಎರಡನೇ ವಾರ, ರೋಹಿಣಿ ಮೇ 25ರ ಹೊತ್ತಿಗೆ. ಈ ಒಂದೂವರೆ ತಿಂಗಳಲ್ಲಿ ಮಾಡಿದ ಕೆಲಸವೇ ಮುಂದಿನ ನಾಲ್ಕು ತಿಂಗಳು ಗಿಡಗಳನ್ನು ಕಾಯುತ್ತದೆ.

ಮಡಿ ನೆಲಮಟ್ಟದಿಂದ ಕನಿಷ್ಠ ಒಂದಡಿ ಎತ್ತರ ಇರಲಿ. ಅಗಲ ಮೂರಡಿ ಸಾಕು. ಎರಡೂ ಬದಿಯಿಂದ ಕೈ ಚಾಚಿದರೆ ನಡು ಸಿಗಬೇಕು, ಮಡಿಯ ಮೇಲೆ ಕಾಲಿಡುವ ಸಂದರ್ಭವೇ ಬರಬಾರದು. ಒದ್ದೆ ಮಣ್ಣಿನ ಮೇಲೆ ಒಮ್ಮೆ ತುಳಿದರೆ ಅದರ ಸಂದುಗಳು ಮುಚ್ಚಿ ಗಾಳಿ ಆಡುವುದು ನಿಲ್ಲುತ್ತದೆ, ಒಣಗಿದ ಮೇಲೆ ಅದು ಇಟ್ಟಿಗೆಯಾಗುತ್ತದೆ. ಅಂಚು ಕುಸಿಯದಂತೆ ಅಡಿಕೆ ದಬ್ಬೆಯನ್ನು ಅಡ್ಡ ಕೊಟ್ಟು ಗೂಟ ಹೊಡೆಯಿರಿ. ಎರಡು ಮಡಿಗಳ ನಡುವೆ ಒಂದೂವರೆ ಅಡಿಯ ಬಸಿಗಾಲುವೆ ಬೇಕು. ಇಳಿಜಾರಿದ್ದಲ್ಲಿ ಮಡಿಗಳು ಇಳಿಜಾರಿಗೆ ಅಡ್ಡವಾಗಿ ಇರಲಿ, ಕಾಲುವೆ ಮಾತ್ರ ಬಹಳ ಮೆಲ್ಲನೆ ಒಂದು ಬದಿಗೆ ಇಳಿಯಲಿ. ನೇರ ಕೆಳಗಿಳಿಸಿದ ಕಾಲುವೆ ನೀರಿನೊಂದಿಗೆ ಗೊಬ್ಬರವನ್ನೂ ಹಳ್ಳ ಸೇರಿಸುತ್ತದೆ. ಮನೆಯ ಮಾಡಿನಿಂದ ಬೀಳುವ ನೀರು ಮಡಿಯ ಕಡೆ ಬರದಂತೆ ಮೇಲ್ಬದಿಯಲ್ಲಿ ಪ್ರತ್ಯೇಕ ಕಾಲುವೆ ತೆಗೆಯುವುದನ್ನು ಮರೆಯಬೇಡಿ.

ಬಿತ್ತನೆಗೆ ಅವಸರ ಬೇಕು. ಬೆಂಡೆ, ಹೀರೆ, ಹಾಗಲ, ಪಡವಲ, ಮುಳ್ಳುಸೌತೆ, ಅಲಸಂಡೆ ಬೀಜಗಳನ್ನು ಕೃತ್ತಿಕೆ, ರೋಹಿಣಿಯ ಮಳೆಗೇ ಊರಿಬಿಡಬೇಕು. ಆರಿದ್ರೆ ಮಳೆ ಹಿಡಿಯುವ ಜೂನ್ 22ರ ಹೊತ್ತಿಗೆ ಗಿಡಕ್ಕೆ ನಾಲ್ಕೈದು ಎಲೆ ಬಂದು ಬೇರು ಕಚ್ಚಿಕೊಂಡಿದ್ದರೆ ಮುಂದಿನ ಹೊಡೆತವನ್ನು ತಾಳುತ್ತದೆ. ಆರಿದ್ರೆಯಲ್ಲಿ ಊರಿದ ಬೀಜ ಮೊಳೆಯುವ ಮೊದಲೇ ಕೊಳೆಯುವುದು ಹೆಚ್ಚು. ಶುಂಠಿ, ಅರಿಸಿನ, ಸುವರ್ಣಗೆಡ್ಡೆ, ಕೆಸುವಿನ ಗೆಡ್ಡೆಗಳೂ ಈಗಲೇ ನೆಲ ಸೇರಬೇಕು.

ಮಳೆಗಾಲದ ಅಂದವಾದ ಡೇರೆ ಹೂವಿಗೂ ಇದೇ ಮುಹೂರ್ತ. ಅಟ್ಟದಲ್ಲಿ ಒಣ ಮರಳಿನಲ್ಲಿಟ್ಟ ಡೇರೆ ಗೆಡ್ಡೆಗಳು ಮೇ ತಿಂಗಳ ತೇವಕ್ಕೆ ತಾವಾಗಿಯೇ ಕಣ್ಣು ಬಿಡುತ್ತವೆ. ಗೆಡ್ಡೆಯನ್ನು ಕೈಯಲ್ಲಿ ಹಿಡಿದು ನೋಡಿ: ಚಿಗುರುವ ಕಣ್ಣು ಗೆಡ್ಡೆಯ ಮೈಮೇಲೆಲ್ಲೂ ಇರುವುದಿಲ್ಲ, ಹಳೆಯ ಕಾಂಡಕ್ಕೆ ಅಂಟಿಕೊಂಡಿದ್ದ ಕುತ್ತಿಗೆಯ ಭಾಗದಲ್ಲಿ ಮಾತ್ರ ಇರುತ್ತದೆ. ಕುತ್ತಿಗೆ ಮುರಿದ ಗೆಡ್ಡೆ ಎಷ್ಟು ದಪ್ಪವಿದ್ದರೂ ಮೊಳೆಯದು. ನೆಡುವಾಗಲೇ ಪಕ್ಕದಲ್ಲಿ ಊರುಗೋಲು ಹುಗಿದಿಡಿ; ಗೆಡ್ಡೆ ಬೆಳೆದ ಮೇಲೆ ಗೂಟ ಹೊಡೆದರೆ ಅದಕ್ಕೇ ಚುಚ್ಚುತ್ತದೆ.

ಆರಿದ್ರೆಯಿಂದ ಆಶ್ಲೇಷಕ್ಕೆ: ಕಾಯುವ ಕಾಲ

ಜೂನ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ ಒಂದರ ಹಿಂದೊಂದು ಬರುತ್ತವೆ. ಈ ಸಮಯದಲ್ಲಿ ಮಣ್ಣನ್ನು ಮುಟ್ಟಬೇಡಿ. ಅಗೆತ ಬೇಡ, ನಾಟಿ ಬೇಡ, ಹೆಚ್ಚಿನ ಗೊಬ್ಬರವೂ ಬೇಡ. ಹಾಕಿದ ಸಾರಜನಕ ನೀರಿನೊಂದಿಗೆ ಇಳಿದುಹೋಗುತ್ತದೆ. ಗೊರಬು ಹೊದ್ದು ದಿನಕ್ಕೊಮ್ಮೆ ಸುತ್ತು ಹಾಕಿ ಬಸಿಗಾಲುವೆಯಲ್ಲಿ ಸಿಕ್ಕಿಕೊಂಡ ದರಗು ಬಿಡಿಸಿದರೆ ಅದೇ ದೊಡ್ಡ ಕೆಲಸ.

ಬರಿ ನೆಲಕ್ಕೆ ಮಾತ್ರ ಹೊದಿಕೆ ಬೇಕು. ದಪ್ಪ ಹನಿ ಬಿದ್ದಾಗ ಸಿಡಿಯುವ ಕೆಸರು ಕೆಳಗಿನ ಎಲೆಗಳಿಗೆ ಅಂಟುತ್ತದೆ, ಮಣ್ಣಿನಲ್ಲಿರುವ ಶಿಲೀಂಧ್ರಗಳು ಆ ಕೆಸರಿನ ಮೂಲಕವೇ ಗಿಡ ಸೇರುತ್ತವೆ. ಬುಡದ ಸುತ್ತ ತೆಳ್ಳಗೆ ದರಗು ಹಾಸಿದರೆ ಸಿಡಿತ ನಿಲ್ಲುತ್ತದೆ. ಕಾಂಡಕ್ಕೆ ತಾಗಿಸಬಾರದು, ನಾಲ್ಕು ಬೆರಳು ಜಾಗ ಬಿಡಿ. ನೆಲಕ್ಕೆ ತಾಗುವ ಎಲೆಗಳನ್ನು ಚಿವುಟಿ ತೆಗೆಯಿರಿ. ಬಳ್ಳಿಗಳನ್ನು ದಬ್ಬೆಯ ಚಪ್ಪರಕ್ಕೆ ಹಬ್ಬಿಸಿದರೆ ಎಲೆಗಳ ನಡುವೆ ಗಾಳಿಯಾಡಿ ಬೇಗ ಒಣಗುತ್ತವೆ. ಎಲೆ ಹೆಚ್ಚು ಹೊತ್ತು ಒದ್ದೆಯಾಗಿದ್ದಷ್ಟೂ ರೋಗಕ್ಕೆ ಹೆಚ್ಚು ಅನುಕೂಲ.

ಬಸವನಹುಳು ಈ ಕಾಲದ ದೊಡ್ಡ ಉಪದ್ರವ. ಬೂದಿಯ ಗೆರೆ, ಸುಣ್ಣದ ಗೆರೆ ಒದ್ದೆಯಾದ ಕೂಡಲೇ ಕೆಲಸಕ್ಕೆ ಬಾರದವು. ಸಂಜೆ ಮಡಿಯ ಬದಿಯಲ್ಲಿ ಒದ್ದೆ ಗೋಣಿಚೀಲ ಮಡಚಿಟ್ಟು ಅದರಡಿ ಪಪ್ಪಾಯಿ ಎಲೆ ಹಾಕಿ. ಬೆಳಗ್ಗೆ ಎತ್ತಿದರೆ ಹುಳುಗಳೆಲ್ಲ ಅಲ್ಲಿ ಕೂಡಿರುತ್ತವೆ. ಹೆಕ್ಕಿ ಉಪ್ಪುನೀರಿನ ಬಾಲ್ದಿಗೆ ಹಾಕಿ. ಉಪ್ಪನ್ನು ಮಡಿಯ ಮೇಲೆ ಮಾತ್ರ ಎರಚಬೇಡಿ. ಅಂಗಡಿಯಲ್ಲಿ ಸಿಗುವ ವಿಷದ ಗುಳಿಗೆಗಳು ನಾಯಿಗೂ ಅಪಾಯ.

ಅಡಿಕೆಯ ಕೊಳೆರೋಗಕ್ಕೆ ಮನೆಯಲ್ಲಿ ಬೋರ್ಡೋ ದ್ರಾವಣ ಮಾಡುವ ದಿನ ತರಕಾರಿಗೂ ಸ್ವಲ್ಪ ತೆಗೆದಿಡಬಹುದು. ಶೇ. 1ರ ದ್ರಾವಣವೆಂದರೆ ಒಂದು ಲೀಟರಿಗೆ 10 ಗ್ರಾಂ ಮೈಲುತುತ್ತ, 10 ಗ್ರಾಂ ಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಅರ್ಧರ್ಧ ಲೀಟರ್ ನೀರಿಗೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಹೊಳೆಯುವ ಚಾಕುವನ್ನು ಅದರಲ್ಲಿ ಅದ್ದಿದಾಗ ಕೆಂಪು ಬಣ್ಣ ಕಟ್ಟಿದರೆ ಸುಣ್ಣ ಸಾಲದು ಎಂದು ತಿಳಿಯಿರಿ. ಹೊಳವಾದಾಗ ಮೆಣಸು, ಬದನೆ ಗಿಡಗಳಿಗೆ ಸಿಂಪಡಿಸಿ. ಸೊಪ್ಪಿನ ಗಿಡಗಳಿಗೂ ಎಳೆ ಬಳ್ಳಿಗಳಿಗೂ ಬೇಡ. ಮಾಡಿದ ದಿನವೇ ಮುಗಿಸಬೇಕು.

ಮಳೆಯೇ ಬಯಸುವ ಗಿಡಗಳೂ ಹಿತ್ತಿಲಿನಲ್ಲಿವೆ. ಕೆಸುವಿನ ದಂಟನ್ನು ಅಡ್ಡ ಕೊಯ್ದರೆ ಒಳಗೆ ಸ್ಪಂಜಿನಂತೆ ಸಣ್ಣ ಸಣ್ಣ ಗಾಳಿಗೂಡುಗಳು ಕಾಣುತ್ತವೆ. ಎಲೆ ಹೀರಿದ ಗಾಳಿ ಆ ದಾರಿಯಲ್ಲಿ ಬೇರಿಗೆ ಇಳಿಯುತ್ತದೆ. ಬದನೆ ಸಾಯುವ ಜಾಗದಲ್ಲಿ ಕೆಸು ಸೊಕ್ಕಿ ಬೆಳೆಯುವ ಗುಟ್ಟು ಇದೇ. ನೀರು ನಿಲ್ಲುವ ಮೂಲೆಯನ್ನು ಕೆಸುವಿಗೆ, ಒಂದೆಲಗಕ್ಕೆ ಬಿಟ್ಟುಕೊಟ್ಟರೆ ಆಷಾಢದ ಪತ್ರೊಡೆಗೂ ತಂಬುಳಿಗೂ ಕೊರತೆಯಾಗದು.

ಒಂದು ಲೋಟ ನೀರಿನ ಪರೀಕ್ಷೆ

ಕೆಲವೊಮ್ಮೆ ನೀರು ಬಸಿದ ಮಡಿಯಲ್ಲೂ ಟೊಮೆಟೊ, ಬದನೆ, ಮೆಣಸಿನ ಗಿಡ ಎಲೆ ಹಸಿರಾಗಿರುವಾಗಲೇ ಎರಡು ದಿನದಲ್ಲಿ ಬಾಡಿ ಬೀಳುತ್ತದೆ. ಇದು ದುಂಡಾಣು ಸೊರಗು ರೋಗವೇ ಎಂದು ತಿಳಿಯಲು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಬುಡದ ಹತ್ತಿರದ ಕಾಂಡವನ್ನು ಬೆರಳುದ್ದ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ಕತ್ತರಿಸಿದ ತುದಿ ಮುಳುಗುವಂತೆ ಅಲ್ಲಾಡಿಸದೆ ಹಿಡಿಯಿರಿ. ಕೆಲವೇ ನಿಮಿಷಗಳಲ್ಲಿ ಹಾಲಿನಂಥ ಬಿಳಿ ಎಳೆ ದಾರದ ಹಾಗೆ ಕೆಳಗಿಳಿದರೆ ಸೊರಗು ರೋಗ ಖಚಿತ. ಆ ಎಳೆಯ ತುಂಬ ಇರುವುದು ನೀರಿನ ನಾಳಗಳನ್ನು ಕಟ್ಟಿಹಾಕಿದ ದುಂಡಾಣುಗಳು.

ಇದಕ್ಕೆ ಸಿಂಪಡಣೆಯ ಮದ್ದಿಲ್ಲ. ಗಿಡವನ್ನು ಬೇರು ಮಣ್ಣಿನ ಸಮೇತ ಕಿತ್ತು ಚೀಲದಲ್ಲಿ ಹಾಕಿ ಹೊರಗೆ ಸಾಗಿಸಿ, ಒಣಗಿಸಿ ಸುಡಿ. ಗೊಬ್ಬರದ ಗುಂಡಿಗೆ ಹಾಕಬೇಡಿ. ಆ ಮಡಿಯಲ್ಲಿ ಎರಡು ಮೂರು ವರ್ಷ ಟೊಮೆಟೊ, ಬದನೆ, ಮೆಣಸು, ಆಲೂಗೆಡ್ಡೆ, ಶುಂಠಿ ಬೇಡ. ಅಲಸಂಡೆ, ಹರಿವೆ, ಬೆಂಡೆ ಹಾಕಿ. ಬೇಲಿಯಲ್ಲಿ ತಾನಾಗಿ ಬೆಳೆಯುವ ಸುಂಡೆಕಾಯಿ ಗಿಡದ ಬೇರು ಈ ರೋಗವನ್ನು ತಡೆಯುತ್ತದೆ. ಅದರ ಮೇಲೆ ಬದನೆಯನ್ನು ಕಸಿ ಕಟ್ಟಿದರೆ ಗಿಡ ವರ್ಷಗಟ್ಟಲೆ ಕಾಯಿ ಕೊಡುತ್ತದೆ. ಟೊಮೆಟೊ ಬೇಕೇ ಬೇಕು ಎನ್ನುವವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ರಕ್ಷಕ್' ತಳಿ ಇದೆ. ಸೊರಗು ರೋಗ, ಎಲೆಮುದುಡು ನಂಜು, ಅಂಗಮಾರಿ ಮೂರನ್ನೂ ತಾಳುವಂತೆ ರೂಪಿಸಿದ್ದು. ಅದು ಹೈಬ್ರಿಡ್ ಆದ್ದರಿಂದ ಅದರ ಬೀಜ ಇಟ್ಟುಕೊಂಡರೆ ಮುಂದಿನ ಪೀಳಿಗೆಗೆ ಅದೇ ಗುಣ ಬರುವುದಿಲ್ಲ.

ಮಘೆಯಿಂದ ಚಿತ್ತೆಗೆ: ಬಿಸಿಲು ಮೂಡುವ ಕಾಲ

ಆಗಸ್ಟ್ 17ರ ಸುಮಾರಿಗೆ ಮಘೆ ಹುಟ್ಟಿದರೆ ಮಳೆಯ ನಡುವೆ ಬಿಸಿಲು ಇಣುಕುತ್ತದೆ. ಎರಡು ತಿಂಗಳು ಹಸಿದಿದ್ದ ಗಿಡಗಳಿಗೆ ಈಗ ಎರಡನೇ ಸಲ ಗೊಬ್ಬರ ಕೊಟ್ಟು, ತೊಳೆದುಹೋದ ಮಣ್ಣನ್ನು ಬುಡಕ್ಕೆ ಏರಿಸಿ. ಕೆಲಸಕ್ಕೆ ಇಳಿಯುವ ಮೊದಲು ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ ನೋಡಿ. ಬೆರಳ ಸಂದಿಯಲ್ಲಿ ನೀರು ಜಿನುಗಿದರೆ ಇನ್ನೂ ಕಾಯಿರಿ. ಉಂಡೆಯಾಗಿ, ಹೆಬ್ಬೆರಳಿನಿಂದ ಒತ್ತಿದಾಗ ಪುಡಿಯಾದರೆ ಗುದ್ದಲಿ ಹಿಡಿಯಬಹುದು. ಮಳೆಯ ದಿನಗಳು ಹಿಂದುಮುಂದಾಗುತ್ತಿರುವ ಈಗಿನ ವರ್ಷಗಳಲ್ಲಿ ಪಂಚಾಂಗದ ಜತೆಗೆ ಮುಷ್ಟಿಯ ಮಾತನ್ನೂ ಕೇಳಬೇಕು.

ಹೀರೆ, ಹಾಗಲ, ಸೌತೆ ಮಿಡಿ ಕಚ್ಚುವಾಗ ಹಣ್ಣುನೊಣ ಬರುತ್ತದೆ. ಮಿಡಿಯ ಮೈಯಲ್ಲಿ ಸೂಜಿ ಚುಚ್ಚಿದಂಥ ಕಲೆ, ಅದರಿಂದ ಒಸರಿದ ಅಂಟು ಕಂಡರೆ ಒಳಗೆ ಮೊಟ್ಟೆಯಿದೆ ಎಂದು ತಿಳಿಯಿರಿ. ಮರಿಹುಳುಗಳು ಕಾಯಿ ತಿಂದು ಮಣ್ಣಿಗಿಳಿದು ಕೋಶವಾಗುತ್ತವೆ. ಆದ್ದರಿಂದ ಕೊಳೆತು ಬಿದ್ದ ಕಾಯಿಗಳನ್ನು ಅಲ್ಲೇ ಬಿಡಬಾರದು. ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಬಾಯಿ ಬಿಗಿದು ಬಿಸಿಲಿಗಿಡಿ. ಹೂ ಉದುರಿದ ಕೂಡಲೇ ಮಿಡಿಗೆ ಕಾಗದದ ಕೊಟ್ಟೆ ಕಟ್ಟಿ. ಗಂಡು ನೊಣಗಳನ್ನು ಸೆಳೆಯುವ ಕ್ಯೂ-ಲ್ಯೂರ್ ಬಲೆಗಳೂ ಸಿಗುತ್ತವೆ. ಮಾವಿಗೆ ಬಳಸುವ ಬಲೆಯ ಮದ್ದೇ ಬೇರೆ, ಕೊಳ್ಳುವಾಗ ಬಳ್ಳಿ ತರಕಾರಿಗೆ ಎಂದು ಕೇಳಿ ಪಡೆಯಿರಿ.

ಚಳಿಗಾಲದ ಸಸಿಗಳನ್ನು ಹುಬ್ಬೆ, ಉತ್ತರೆಯ ಹೊತ್ತಿಗೆ, ಅಂದರೆ ಸೆಪ್ಟೆಂಬರಿನಲ್ಲಿ, ಸೂರಿನ ಕೆಳಗೆ ಅಥವಾ ಪಾರದರ್ಶಕ ಪ್ಲಾಸ್ಟಿಕ್ ಮಾಡಿನ ಕೆಳಗೆ ಎಬ್ಬಿಸಬೇಕು. ಎಳೆ ಸಸಿಗಳ ಬುಡ ಕಪ್ಪಾಗಿ ಸಾಲುಸಾಲಾಗಿ ಮಲಗುವುದು ಹೆಚ್ಚು ನೀರಿನಿಂದ, ಒತ್ತಾಗಿ ಬಿತ್ತುವುದರಿಂದ. ತೆಳ್ಳಗೆ ಬಿತ್ತಿ, ಬೆಳಗ್ಗೆ ಮಾತ್ರ ನೀರು ಚಿಮುಕಿಸಿ.

ಸ್ವಾತಿಯ ನಂತರ: ಚಳಿಯ ಬೆಳೆ

ಅಕ್ಟೋಬರ್ ಕೊನೆಯ ಸ್ವಾತಿ ಮಳೆ ಮುಗಿದರೆ ಸಸಿಗಳನ್ನು ಮಡಿಗೆ ದಾಟಿಸಿ. ಎಲೆಕೋಸು, ನವಿಲುಕೋಸು, ಮೂಲಂಗಿ, ಬೀನ್ಸ್, ಕೊತ್ತಂಬರಿಗೆ ನವೆಂಬರಿನಿಂದ ಫೆಬ್ರುವರಿವರೆಗಿನ ತಂಪು ಒಗ್ಗುತ್ತದೆ. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಈ ತಂಪು ಇನ್ನೂ ಹೆಚ್ಚು ದಿನ ಉಳಿಯುತ್ತದೆ; ಬಟಾಣಿ, ಕ್ಯಾರೆಟ್ ಅಲ್ಲಿ ಚೆನ್ನಾಗಿ ಬರುತ್ತವೆ.

ಊರಿನ ಅವರೆಬಳ್ಳಿ ಮಳೆಗಾಲವೆಲ್ಲ ಬರಿ ಎಲೆ ಬಿಟ್ಟು ಹಬ್ಬುತ್ತದೆ ಎಂದು ಬೇಸರಪಟ್ಟು ಕಿತ್ತುಹಾಕಬೇಡಿ. ನಾಟಿ ಅವರೆ ಹಗಲಿನ ಉದ್ದವನ್ನು ಅಳೆಯುತ್ತದೆ. ಹಗಲು ಕಿರಿದಾಗುತ್ತ ಬಂದಾಗಲೇ ಅದು ಹೂ ಬಿಡುವುದು.

ಮಳೆ ನಿಂತ ಕೂಡಲೇ ಮಾಡಬೇಕಾದ ಕೆಲಸ ಒಂದಿದೆ. ಬಸಿಗಾಲುವೆಯ ಬಾಯಿಯನ್ನು ಮಣ್ಣಿನಿಂದ ಕಟ್ಟಿಬಿಡಿ. ನಾಲ್ಕು ತಿಂಗಳು ಹೊರಗೆ ಕಳಿಸಿದ ನೀರನ್ನು ಇನ್ನು ಹಿಡಿದಿಡಬೇಕು. ನೆಲ ಹಸಿಯಾಗಿರುವಾಗಲೇ ನಾಲ್ಕು ಬೆರಳು ದಪ್ಪ ದರಗು ಅಥವಾ ಅಡಿಕೆ ಸೋಗೆ ಹೊದಿಸಿ. ಒಣಗಿದ ಮೇಲೆ ಹೊದಿಸಿದರೆ ಒಣಗನ್ನೇ ಮುಚ್ಚಿಟ್ಟಂತಾಗುತ್ತದೆ.

ಬೇಸಿಗೆ: ಬಚ್ಚಲ ನೀರು, ಮುಂದಿನ ವರ್ಷದ ಬೀಜ

ಮಾರ್ಚ್ ಬರುವಾಗ ಇದೇ ಮಣ್ಣು ಬಿರುಕು ಬಿಡುತ್ತದೆ. ಬಚ್ಚಲ ನೀರು ಹರಿಯುವಲ್ಲಿ ಬಸಳೆ ಚಪ್ಪರ, ಬಾಳೆ ಇರಲಿ. ಸೋಪಿನ ನೀರು ಒಂದೇ ಬುಡಕ್ಕೆ ಸದಾ ಬೀಳದಂತೆ ಆಗಾಗ ದಾರಿ ಬದಲಿಸಿ. ಹರಿವೆ ಬೀಜ ಬಿತ್ತಿದಾಗ ಇರುವೆಗಳು ಹೊತ್ತೊಯ್ಯುತ್ತವೆ. ಮಡಿಯ ಸುತ್ತ ಅಕ್ಕಿ ತವುಡು ಚೆಲ್ಲಿದರೆ ಅವು ಅತ್ತ ಹೋಗುತ್ತವೆ, ಅಷ್ಟರಲ್ಲಿ ಬೀಜ ಮೊಳೆತಿರುತ್ತದೆ.

ಬೀಜ ಒಣಗಿಸಲು ಇದೇ ಸರಿಯಾದ ಕಾಲ. ಮೊದಲ ಕಾಯಿಗಳಲ್ಲಿ ಒಳ್ಳೆಯದೊಂದನ್ನು ಬಳ್ಳಿಯಲ್ಲೇ ಹಣ್ಣಾಗಲು ಬಿಡಿ. ಅಲಸಂಡೆ, ಅವರೆ ಬೀಜವನ್ನು ಕಚ್ಚಿದಾಗ ಹಲ್ಲಿನ ಗುರುತು ಮೂಡದಿದ್ದರೆ ಒಣಗಿದೆ ಎಂದರ್ಥ. ಬೂದಿ ಬೆರೆಸಿ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಡಿ. ಬೂದಿ ತೇವ ಹೀರುತ್ತದೆ, ಹುಳಕ್ಕೂ ತಡೆ. ಮಲೆನಾಡು, ಕರಾವಳಿಯ ಹಳೆಯ ಮನೆಗಳಲ್ಲಿ ಮಗೆಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಜಂತಿಗೆ ತೂಗುಹಾಕುವುದನ್ನು ನೋಡಿರುತ್ತೀರಿ. ಗಾಳಿಯಾಡುತ್ತ ಒಂದಕ್ಕೊಂದು ತಾಗದೆ ನೇತಾಡುವ ಆ ಕಾಯಿಗಳು ತಿಂಗಳುಗಟ್ಟಲೆ ಕೆಡುವುದಿಲ್ಲ. ಮಳೆಗಾಲದ ಹುಳಿಗೂ ಅವೇ, ಮುಂದಿನ ಬಿತ್ತನೆಯ ಬೀಜಕ್ಕೂ ಅವೇ. ಶಿರಸಿಯ 'ವನಸ್ತ್ರೀ' ಸಂಸ್ಥೆಯ ಹೆಣ್ಣುಮಕ್ಕಳು ಇಂಥ ಹಿತ್ತಿಲಿನ ಬೀಜಗಳನ್ನೇ ಕೈಯಿಂದ ಕೈಗೆ ದಾಟಿಸಿ ಉಳಿಸುತ್ತ ಬಂದಿದ್ದಾರೆ. ವರ್ಷಗಟ್ಟಲೆ ಈ ಮಳೆಯನ್ನು ಉಂಡು ಉಳಿದ ತಳಿಯ ತಾಳಿಕೆ ಪೇಟೆಯ ಪೊಟ್ಟಣದಲ್ಲಿ ಸುಲಭಕ್ಕೆ ಸಿಗುವುದಿಲ್ಲ. ನಿಮ್ಮ ಮನೆಯಲ್ಲಿ ಅಜ್ಜಿಯ ಕಾಲದ ಸೌತೆಯೋ ಅವರೆಯೋ ಇದ್ದರೆ ಒಂದು ಹಿಡಿಯನ್ನು ನೆರೆಮನೆಗೂ ಕೊಡಿ. ನಿಮ್ಮಲ್ಲಿ ತಪ್ಪಿದ ವರ್ಷ ಅಲ್ಲಿಂದ ಮರಳಿ ಬರುತ್ತದೆ.

ಹೊಸದಾಗಿ ಕೈತೋಟ ಮಾಡುವವರು ಬೀಜ ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಈ ಸಲದ ಮೊದಲ ಜೋರು ಮಳೆಗೆ ಕೊಡೆ ಹಿಡಿದು ಹಿತ್ತಿಲಿಗೆ ಹೋಗಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಹೊರಬೀಳುತ್ತದೆ ಎಂದು ನೋಡಿ, ನಿಂತಲ್ಲೆಲ್ಲ ಒಂದೊಂದು ಕಡ್ಡಿ ಊರಿ ಬನ್ನಿ. ಮಳೆ ಬಿಟ್ಟ ಮೇಲೆ ಆ ಕಡ್ಡಿಯಿಂದ ಈ ಕಡ್ಡಿಗೆ ಕಾಲುವೆ ತೆಗೆಯಿರಿ. ಕಡ್ಡಿಯಿಲ್ಲದ ಜಾಗದಲ್ಲಿ ಮಡಿ ಕಟ್ಟಿ.